ಓಟದ ನಡುವೆ ಬಾಯಾರುವ ಎಂಜಿನ್

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಂಥ ಕಡೆ ಒಂದು ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ ಓಡುತ್ತಿದೆ ಎಂದುಕೊಳ್ಳಿ. ತಿರುವುಗಳಲ್ಲಿ ಯಾವ ತಕರಾರೂ ಇಲ್ಲ. ಉದ್ದನೆಯ ನೇರ ದಾರಿಯಲ್ಲಿ ಸವಾರ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದರೆ ಮಾತ್ರ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಉಸಿರು ಕಟ್ಟಿದಂತೆ ತಡವರಿಸುತ್ತದೆ. ಪಿಟ್‌ಗೆ ತಂದು ನಿಲ್ಲಿಸಿ, ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ಹಾಗಾದರೆ ದೋಷ ಎಲ್ಲಿದೆ?

ದೋಷ ಹುಡುಕುವ ಮುನ್ನ ಅಪಾಯವನ್ನು ಅರಿಯುವುದು ಒಳ್ಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಓಡಿಸಿದ ಹಿರಿಯರಿಗೆ ನೆನಪಿರಬಹುದು: ಪೆಟ್ರೋಲ್ ಹಾಕಿಸುವಾಗ ಜೊತೆಗೆ ಎಣ್ಣೆಯನ್ನೂ ಬೆರೆಸಬೇಕಿತ್ತು. ರೇಸಿನ ಟೂ-ಸ್ಟ್ರೋಕ್ ಗಾಡಿಗಳಲ್ಲೂ ಸಾಮಾನ್ಯವಾಗಿ ಇದೇ ಪದ್ಧತಿ. ಒಂದು ಲೀಟರಿಗೆ ಸುಮಾರು 30ರಿಂದ 50 ಮಿಲಿಲೀಟರ್ ಎಣ್ಣೆ. ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಾರಿಕೆ ಕೊಡುವುದು ಈ ಎಣ್ಣೆಯೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು. ಅದರ ಜೊತೆಗೆ, ಆವಿಯಾಗುತ್ತಾ ಶಾಖವನ್ನು ಹೀರುವ ಪೆಟ್ರೋಲಿನ ತಂಪೂ ತಪ್ಪುತ್ತದೆ. ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಟೂ-ಸ್ಟ್ರೋಕಿನಲ್ಲಿ ನಿಮಿಷಕ್ಕೆ 10,000 ಸಲ ಬೆಂಕಿ ಹೊತ್ತುತ್ತದೆ. ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಆ ಕ್ಷಣವೇ ಬಿಗಿದು ನಿಲ್ಲುತ್ತದೆ. ಅನುಭವಿ ಸವಾರರು ಸದಾ ಒಂದೆರಡು ಬೆರಳನ್ನು ಕ್ಲಚ್ಚಿನ ಮೇಲೆ ಇಟ್ಟುಕೊಳ್ಳುವುದು ಇದಕ್ಕೇ.

ಇಂಥ ವೇಳೆ ಹಲವರು ಮಾಡುವ ಮೊದಲ ಕೆಲಸವೆಂದರೆ ಕಾರ್ಬುರೇಟರಿಗೆ ದೊಡ್ಡ ತೂತಿನ ಮೇನ್ ಜೆಟ್ ಹಾಕುವುದು. ಇನ್ನು ಕೆಲವರು ಎಂಜಿನ್ ಕಚ್ಚದಿರಲೆಂದು ಎಣ್ಣೆ ಹೆಚ್ಚಿಸುತ್ತಾರೆ. ಜೆಟ್ಟಿನಲ್ಲಿ ಹಾದುಹೋಗುವುದು ಎರಡೂ ಬೆರೆತ ದ್ರವ. ಅದರಲ್ಲಿ ಎಣ್ಣೆಯ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಇಳಿಯುತ್ತದೆ! ಊಹಿಸಿ ಬದಲಾಯಿಸುವುದಕ್ಕಿಂತ, ಪೆಟ್ರೋಲ್ ಹರಿಯುವ ದಾರಿಯಲ್ಲೇ ಟ್ಯಾಂಕಿನಿಂದ ಸಿಲಿಂಡರಿನವರೆಗೆ ಒಂದೊಂದೇ ಹೆಜ್ಜೆ ನಡೆಯುವುದು ಲೇಸು.

ಮೊದಲ ಹೆಜ್ಜೆ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಒಳಬರಲು ಸಣ್ಣ ರಂಧ್ರವಿರುತ್ತದೆ. ಅದು ಮುಚ್ಚಿದರೆ ಏನಾಗುತ್ತದೆ? ಪೆಟ್ರೋಲ್ ಕಾರ್ಬುರೇಟರಿಗಿಂತ 20 ಸೆಂಟಿಮೀಟರ್ ಎತ್ತರದಲ್ಲಿದೆ ಎನ್ನೋಣ. ಅದರ ಸಾಂದ್ರತೆ ನೀರಿನ ಸುಮಾರು ಮುಕ್ಕಾಲು ಪಾಲು. ಆದ್ದರಿಂದ ಅದನ್ನು ಕೆಳಕ್ಕೆ ತಳ್ಳುವ ಒತ್ತಡ 15 ಸೆಂಟಿಮೀಟರ್ ನೀರಿನ ಕಂಬದಷ್ಟು ಮಾತ್ರ. ವಾತಾವರಣದ ಒತ್ತಡವಾದರೋ 1,030 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಅಂದರೆ ಟ್ಯಾಂಕಿನೊಳಗಿನ ಒತ್ತಡ ನೂರಕ್ಕೆ ಒಂದೂವರೆ ಪಾಲು ತಗ್ಗಿದರೆ ಸಾಕು, ಪೆಟ್ರೋಲ್ ಇಳಿಯುವುದು ನಿಂತೇಹೋಗುತ್ತದೆ. ಬಾಯ್ಲನ ನಿಯಮದಂತೆ ಲೆಕ್ಕ ಹಾಕಿ: ಟ್ಯಾಂಕಿನಲ್ಲಿ 5 ಲೀಟರ್ ಗಾಳಿಯಿದ್ದರೆ ಸುಮಾರು 75 ಮಿಲಿಲೀಟರ್ ಪೆಟ್ರೋಲ್ ಖರ್ಚಾದೊಡನೆ ಈ ಸ್ಥಿತಿ ಬರುತ್ತದೆ. ಪೆಟ್ರೋಲಿನ ಆವಿ ಕೊರತೆಯನ್ನು ಸ್ವಲ್ಪ ತುಂಬಿಕೊಡುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹರಿದೀತು. ನಿಂತ ಗಾಡಿಯ ಮುಚ್ಚಳ ತೆರೆದಾಗ ಗಾಳಿ ಸುಯ್ಯೆಂದು ಒಳನುಗ್ಗಿದರೆ ಕಳ್ಳ ಸಿಕ್ಕಿದಂತೆ. ಅರೆಬರೆ ಮುಚ್ಚಿದ ರಂಧ್ರದಲ್ಲಿ ಗಾಳಿ ನಿಧಾನವಾಗಿ ಒಳಸೇರುವುದರಿಂದಲೇ ಪಿಟ್‌ನಲ್ಲಿ ಐದು ನಿಮಿಷ ನಿಂತ ಗಾಡಿ ಸರಿಹೋದಂತೆ ಕಾಣುತ್ತದೆ.

ಎರಡನೆಯ ಹೆಜ್ಜೆ ಹರಿವನ್ನು ಅಳೆಯುವುದು. ತಣ್ಣಗಾದ ಎಂಜಿನ್ನಿನ ಕಾರ್ಬುರೇಟರಿನಿಂದ ಕೊಳವೆ ಬಿಡಿಸಿ, ಅಳತೆಯ ಪಾತ್ರೆಗೆ ಎರಡು ನಿಮಿಷ ಪೆಟ್ರೋಲ್ ಹರಿಸಬೇಕು. ಸುಮಾರು 10 ಕಿಲೋವ್ಯಾಟ್ ಶಕ್ತಿ ಕೊಡುವ ಟೂ-ಸ್ಟ್ರೋಕ್ ಎಂಜಿನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಮಿಲಿಲೀಟರ್ ಕುಡಿಯುತ್ತದೆ. ಹರಿವು ಅದರ ಇಮ್ಮಡಿಯಾದರೂ ಇದ್ದರೆ ನೆಮ್ಮದಿ. ಮೊದಲು ಜೋರಾಗಿ ಹರಿದು ಆಮೇಲೆ ಸೊರಗಿದರೆ ಟ್ಯಾಪಿನ ಜಾಲರಿ, ಫಿಲ್ಟರ್, ಮಡಚಿದ ಕೊಳವೆ ಇವುಗಳನ್ನು ನೋಡಬೇಕು. ಮನೆಯ ನಲ್ಲಿ ಸಣ್ಣಗೆ ಸುರಿಯುತ್ತಿದ್ದರೂ ಡ್ರಮ್ಮಿನಲ್ಲಿ ನೀರಿರುವವರೆಗೆ ಕೊರತೆ ತಿಳಿಯುವುದಿಲ್ಲವಲ್ಲ, ಕಾರ್ಬುರೇಟರಿನ ಫ್ಲೋಟ್ ಬಟ್ಟಲೂ ಹಾಗೆಯೇ. ಬಟ್ಟಲು ಬರಿದಾದ ಮೇಲೆ ಎಷ್ಟು ದೊಡ್ಡ ಜೆಟ್ ಇದ್ದೂ ಫಲವಿಲ್ಲ.

ಹರಿವು ಸರಿಯಿದ್ದರೆ ಮೂರನೆಯ ಹೆಜ್ಜೆ ಕಾರ್ಬುರೇಟರ್: ಫ್ಲೋಟಿನ ಮಟ್ಟ, ಅದರ ಸೂಜಿ, ಬಟ್ಟಲಿನ ಕಸ, ಕೊನೆಯಲ್ಲಿ ಜೆಟ್. ಅಲ್ಲೂ ದೋಷವಿಲ್ಲದಿದ್ದರೆ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು: ಪೆಟ್ರೋಲ್ ಕಡಿಮೆಯೋ, ಗಾಳಿ ಹೆಚ್ಚೋ? ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬುರೇಟರನ್ನು ಸಿಲಿಂಡರಿಗೆ ಜೋಡಿಸುವ ರಬ್ಬರ್ ಬಿರಿದಿದ್ದರೆ, ಕ್ರ್ಯಾಂಕಿನ ಸೀಲ್ ಸವೆದಿದ್ದರೆ ಕಳ್ಳಗಾಳಿ ಒಳಸೇರಿ ಈ ಪ್ರಮಾಣ ಕೆಡುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಬೇಗ ಇಳಿಯದಿರುವುದು ಇದರ ಒಂದು ಸೂಚನೆ.

ಪ್ರತಿ ಹೆಜ್ಜೆಗೂ ಸಾಕ್ಷಿ ಹೇಳುವುದು ಸ್ಪಾರ್ಕ್ ಪ್ಲಗ್. ಪೂರ್ಣ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು, ಅದೇ ಕ್ಷಣ ಎಂಜಿನ್ ಆರಿಸಿ ತೆಗೆದು ನೋಡಿದ ಪ್ಲಗ್ಗಿನ ತುದಿ ಕಂದುಬಣ್ಣವಿದ್ದರೆ ಮಿಶ್ರಣ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು. ಕರ್ರಗೆ ಒದ್ದೆಯಾಗಿದ್ದರೆ ಹೆಚ್ಚಾಗಿದೆ. ಈ ಪರೀಕ್ಷೆ ಖಾಲಿ ಟ್ರ್ಯಾಕಿನಲ್ಲಿ ನಡೆಯಬೇಕೇ ಹೊರತು ರಸ್ತೆಯಲ್ಲಲ್ಲ.

ಇಲ್ಲಿ ಮರೆಯಬಾರದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲವನ್ನು ಪುಸ್ತಕದಲ್ಲಿ ಬರೆದ ಮೇಲೆಯೇ ಇನ್ನೊಂದು. ಮುಚ್ಚಳ, ಜೆಟ್, ಪ್ಲಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಕಾರಣ ತಿಳಿಯದು. ಕಾರಣ ತಿಳಿಯದ ದೋಷ ಮರಳಿ ಬರುವಾಗ ಸವಾರ ಪೂರ್ಣ ವೇಗದಲ್ಲಿರಬಹುದು.

ವಿದ್ಯಾರ್ಥಿಗಳು ಪೆಟ್ರೋಲ್ ಮುಟ್ಟದೆಯೇ ಮುಚ್ಚಳದ ಪಾಠವನ್ನು ಮನೆಯಲ್ಲಿ ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಸೂಜಿಯಿಂದ ತೂತು ಮಾಡಿ, ನೀರು ತುಂಬಿ, ಧಾರೆ ಹರಿಯುವಾಗ ಮುಚ್ಚಳವನ್ನು ಬಿಗಿಗೊಳಿಸಿ. ಧಾರೆ ಸೊರಗಿ ನಿಲ್ಲುತ್ತದೆ. ಸಡಿಲಿಸಿದರೆ ಮತ್ತೆ ಹರಿಯುತ್ತದೆ. ತಂದೆತಾಯಿಯರು ಪಕ್ಕದಲ್ಲಿ ಕುಳಿತು ‘ಯಾಕೆ?’ ಎಂದು ಒಂದು ಮಾತು ಕೇಳಿದರೆ ಪಾಠ ಪೂರ್ತಿಯಾಗುತ್ತದೆ.