ಮುಯ್ಯಿಯ ಪುಸ್ತಕವಿಲ್ಲದ ದುಡಿಮೆ

ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿರುವ ಬಾಗಲೂರಿನ ಮದುವೆಮನೆಗಳಲ್ಲಿ ಊಟದ ಪಂಕ್ತಿಯಷ್ಟೇ ಶ್ರದ್ಧೆಯಿಂದ ನಡೆಯುವ ಮತ್ತೊಂದು ಕಾರ್ಯವೆಂದರೆ ಮುಯ್ಯಿ ಬರೆಯುವುದು. ಕನ್ನಡಿಗರು ಮುಯ್ಯಿ ಎಂದು ಕರೆಯುವುದನ್ನು ತಮಿಳರು ಮೊಯ್ ಎನ್ನುತ್ತಾರೆ, ತೆಲುಗರು ಚದಿವಿಂಪು ಎನ್ನುತ್ತಾರೆ. ಪುಸ್ತಕ ಮಾತ್ರ ಮೂವರ ಮನೆಯಲ್ಲಿಯೂ ಒಂದೇ ಬಗೆಯದು. ಕೊಟ್ಟವರ ಹೆಸರು, ಊರು, ಮೊತ್ತ ಅದರಲ್ಲಿ ದಾಖಲಾಗುತ್ತವೆ. ಮುಂದೆ ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಆ ಪುಟವನ್ನು ತೆರೆದು ನೋಡಿ ಋಣ ತೀರಿಸಲಾಗುತ್ತದೆ. ಹೊಲದ ಕೆಲಸದಲ್ಲಿಯೂ ಇದೇ ನ್ಯಾಯ. ಇಂದು ಮುಯ್ಯಾಳಾಗಿ ಬಂದವನ ಹೊಲಕ್ಕೆ ನಾಳೆ ಈ ಮನೆಯವರು ಹೋಗಲೇಬೇಕು. ಮರಾಠಿ ಸೀಮೆಯಲ್ಲಿ ಇದಕ್ಕೆ ಹತ್ತಿರವಾದ ಇರ್ಜಿಕ ಎಂಬ ಪದ್ಧತಿಯಿದೆ. ಅಲ್ಲಿ ದುಡಿಯಲು ಬಂದವರಿಗೆ ಊಟ ಹಾಕುವುದು ಕರೆದ ಮನೆಯ ಹೊಣೆ.

ಕನ್ನಡವನ್ನು ಇಂದು ಗಣಕಯಂತ್ರದಲ್ಲಿ, ಮೊಬೈಲಿನಲ್ಲಿ ಬಾಳುವಂತೆ ಮಾಡಿರುವ ದುಡಿಮೆಗೆ ಇಂಥ ಪುಸ್ತಕವಿಲ್ಲ. ಆ ದುಡಿಮೆಯ ಬಹುಭಾಗ ಸಂಬಳವಿಲ್ಲದೆ ನಡೆದಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟುಕೊಟ್ಟರು. ಕನ್ನಡ ಬೆರಳಚ್ಚಿನ ಅಡಿಪಾಯವೇ ಅದಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಕಟ್ಟಿದವರು ತಮ್ಮ ತಮ್ಮ ಉದ್ಯೋಗ ಮುಗಿಸಿ ಮನೆಗೆ ಬಂದ ಮೇಲೆ ಬರೆದವರು. ಮರಾಠಿ ವಿಕಿಪೀಡಿಯವೂ ಅದೇ ವರ್ಷದ್ದು, ಅದೇ ಬಗೆಯ ಕೈಗಳದ್ದು. ಲಿನಕ್ಸ್, ಫೈರ್‌ಫಾಕ್ಸ್‌ಗಳ ಆದೇಶಗಳನ್ನು ಕನ್ನಡಕ್ಕೆ ತಂದವರಲ್ಲಿ, ಮುಕ್ತ ಪರವಾನಗಿಯ ಅಕ್ಷರವಿನ್ಯಾಸಗಳನ್ನು ತಿದ್ದಿದವರಲ್ಲಿ ಅನೇಕರ ಹೆಸರು ಬಳಸುವವರಿಗೆ ಗೊತ್ತೇ ಇಲ್ಲ.

ಗಡಿಯ ಕನ್ನಡಿಗರಿಗೆ ಈ ದುಡಿಮೆಯ ಬೆಲೆ ಒಳನಾಡಿನವರಿಗಿಂತ ಹೆಚ್ಚು ಅರ್ಥವಾಗಬೇಕು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳು ರಚನೆಯಾದಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 2006ರ ತಮಿಳು ಕಲಿಕೆ ಕಾಯ್ದೆಯ ತರುವಾಯ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಕನ್ನಡದ ಓದುಬರಹ ದೊರೆಯುವ ದಾರಿಗಳು ಕಿರಿದಾಗಿರುವಲ್ಲಿ ಕೈಯಲ್ಲಿರುವ ಮೊಬೈಲಿನ ಕನ್ನಡ ಕೀಲಿಮಣೆ, ಹಣ ಕೊಡದೆ ಓದಬಹುದಾದ ಪುಸ್ತಕ, ಕನ್ನಡದ ವಿಶ್ವಕೋಶ ಇವೆಲ್ಲ ವಿಲಾಸಗಳಲ್ಲ. ಮಾರುಕಟ್ಟೆ ಚಿಕ್ಕದೆಂದು ವ್ಯಾಪಾರಿಗಳು ಕೈಬಿಟ್ಟ ಕಡೆ ಸ್ವಯಂಸೇವಕರ ತಂತ್ರಾಂಶವೇ ಆಸರೆ.

ಆದರೆ ಆ ಆಸರೆಗೆ ಬೇಕಾದ ಹೊತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಬಾಗಲೂರಿನ ಒಬ್ಬ ಯುವಕ ಬೆಳಗ್ಗೆ ಹೊಸೂರಿನ ಕಾರ್ಖಾನೆಗೋ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೋ ಹೋಗಿ, ಅತ್ತಿಬೆಲೆಯ ವಾಹನದಟ್ಟಣೆಯಲ್ಲಿ ಸಿಲುಕಿ, ರಾತ್ರಿ ಎಂಟಕ್ಕೆ ಮನೆ ಸೇರುತ್ತಾನೆಂದು ಭಾವಿಸೋಣ. ಆತ ಒಂಬತ್ತರಿಂದ ಹನ್ನೆರಡರವರೆಗೆ ಮುಕ್ತ ತಂತ್ರಾಂಶಕ್ಕೆ ದುಡಿದರೆ ಆ ಮೂರು ಗಂಟೆ ಆತನೊಬ್ಬನದಲ್ಲ. ಮಗುವಿನ ಪಾಠ ನೋಡುವ, ತಾಯಿಯ ಔಷಧಿ ವಿಚಾರಿಸುವ, ಅಡುಗೆಮನೆಯಲ್ಲಿ ಕೈಜೋಡಿಸುವ ಗಂಟೆಗಳವು. ಆತ ಬಿಟ್ಟ ಕೆಲಸ ನಿಲ್ಲುವುದಿಲ್ಲ. ಬಹುತೇಕ ಮನೆಗಳಲ್ಲಿ ಅದನ್ನು ಹೆಂಡತಿ ಮಾಡಿ ಮುಗಿಸುತ್ತಾಳೆ. ತಂತ್ರಾಂಶದ ಕೊಡುಗೆದಾರರ ಪಟ್ಟಿಯಲ್ಲಿ ಗಂಡನ ಹೆಸರಿರುತ್ತದೆ. ಇದರ ಇನ್ನೊಂದು ಮುಖವೂ ಉಂಟು. ವಿಕಿಪೀಡಿಯದ ಸಂಪಾದಕರಲ್ಲಿ ಮಹಿಳೆಯರು ಅಲ್ಪಸಂಖ್ಯಾತರೆಂಬುದು ವಿಕಿಮೀಡಿಯ ಪ್ರತಿಷ್ಠಾನದ ಸಮೀಕ್ಷೆಗಳಲ್ಲಿಯೇ ಮತ್ತೆ ಮತ್ತೆ ಕಂಡುಬಂದಿದೆ. ಅದಕ್ಕೆ ಹಲವು ಕಾರಣಗಳಿರಬಹುದು. ಸಂಜೆಯ ಹೊತ್ತು ಯಾರ ಕೈಯಲ್ಲಿದೆ ಎಂಬುದು ಅವುಗಳಲ್ಲೊಂದು.

ಕನ್ನಡದ ಸಾಂಸ್ಕೃತಿಕ ಸ್ಮೃತಿ ಈ ಪ್ರಶ್ನೆಯನ್ನು ಬಹುಕಾಲದಿಂದ ಮರೆಮಾಚಿದೆ. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದ ಪ್ರಸಂಗವನ್ನು ತರಗತಿಗಳಲ್ಲಿ ಹೇಳದ ಕನ್ನಡ ಅಧ್ಯಾಪಕರಿಲ್ಲ. ಅದು ಹೇಳಬೇಕಾದ ಪ್ರಸಂಗವೇ. ಆದರೆ ಅವರು ಊರೂರು ತಿರುಗುವಾಗ ಮನೆಯ ಒಲೆಯನ್ನು ಉರಿಸಿದವರಾರು ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ, ಯಾವ ಅಧ್ಯಾಪಕರೂ ಹೇಳುವುದಿಲ್ಲ. ಸೇವೆ, ತ್ಯಾಗ ಎಂಬ ಮಾತುಗಳು ದುಡಿದವನನ್ನು ಮೇಲಕ್ಕೇರಿಸುತ್ತವೆ, ಆತನ ಮನೆಯನ್ನು ಕತ್ತಲಲ್ಲಿ ಬಿಡುತ್ತವೆ.

ಒಬ್ಬನ ತ್ಯಾಗದ ಮೇಲೆ ನಿಂತ ಕಟ್ಟಡ ಸುರಕ್ಷಿತವೂ ಅಲ್ಲ. 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಎಕ್ಸ್‌ಝಡ್ ಪ್ರಕರಣ ಇದಕ್ಕೆ ನಿದರ್ಶನ. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಜಗತ್ತಿನ ಬಹುಪಾಲು ಲಿನಕ್ಸ್ ಯಂತ್ರಗಳಲ್ಲಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೇ, ಅದೂ ಸಂಬಳವಿಲ್ಲದೆ. ಮನಸ್ಸು ದಣಿದಿದೆಯೆಂದು ಅವರು ಬಹಿರಂಗವಾಗಿಯೇ ಹೇಳಿಕೊಂಡರು. ಬಂದ ಉತ್ತರ, ಇನ್ನೂ ವೇಗವಾಗಿ ಕೆಲಸ ಮಾಡಿ ಎಂಬ ಒತ್ತಾಯ. ಆಗ ನೆರವಿಗೆಂದು ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿ, ಕಡೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟ. ಯಂತ್ರದೊಳಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅನುಮಾನಪಟ್ಟದ್ದರಿಂದ ಅನಾಹುತ ತಪ್ಪಿತು. ಬಳಸಿದವರು ಕೋಟ್ಯಂತರ ಮಂದಿ. ಮುಯ್ಯಾಳಾಗಿ ಹೋದವರು ಇಲ್ಲವೆನ್ನುವಷ್ಟು ಕಡಿಮೆ.

ಮನೆಯ ಸಮ್ಮತಿಯಿಂದ ನಡೆಯುವ ಕೊಡುಗೆಗೆ ಕನ್ನಡದಲ್ಲಿಯೇ ಒಳ್ಳೆಯ ಮೇಲ್ಪಂಕ್ತಿಯಿದೆ. ಕಾಸರಗೋಡಿನ ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ಯಲ್ಲಿ ಚಿತ್ರಿಸಿದ ನಿರಂಜನರ ಕೃತಿಗಳನ್ನು 2014ರಲ್ಲಿ ಅವರ ಕುಟುಂಬದವರೇ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶವನ್ನು ಅದೇ ವರ್ಷ ಹೀಗೆಯೇ ತೆರೆದಿಟ್ಟಿತು. ಇಂಥ ಗ್ರಂಥಗಳು ಓದುಗರನ್ನು ಪಠ್ಯರೂಪದಲ್ಲಿ ತಲುಪಬೇಕಾದರೆ ಯಾರಾದರೂ ಅಕ್ಷರ ಅಕ್ಷರವನ್ನು ಪರಿಶೀಲಿಸಬೇಕು. ವಿಕಿಸೋರ್ಸ್‌ನಲ್ಲಿ ಆ ಕೆಲಸ ಪುಟದ ಲೆಕ್ಕದಲ್ಲಿ ನಡೆಯುತ್ತದೆ. ಪರಿಶೀಲನೆಯಾಗದ ಪುಟ ಕೆಂಪು. ಒಬ್ಬರು ತಿದ್ದಿದ ಮೇಲೆ ಹಳದಿ. ಮತ್ತೊಬ್ಬರು ಅದನ್ನು ಒಪ್ಪಿದ ಮೇಲೆ ಹಸಿರು. ಒಂದು ಪುಟಕ್ಕೆ ಅರ್ಧ ಗಂಟೆ ಸಾಕು. ಮಗು ಅತ್ತರೆ ನಡುವೆ ಎದ್ದು ಹೋಗಬಹುದು. ಉಳಿದದ್ದನ್ನು ಬೇರೊಬ್ಬರು ಮುಂದುವರಿಸುತ್ತಾರೆ. ಯಾರೊಬ್ಬರ ಗೈರುಹಾಜರಿಯಿಂದಲೂ ಗ್ರಂಥ ಕೆಡುವುದಿಲ್ಲ. ಸಮುದಾಯದ ಎಲ್ಲ ತಾಂತ್ರಿಕ ಕೆಲಸವನ್ನೂ ಹೀಗೆ ಹೋಳು ಮಾಡಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅಕ್ಷರವಿನ್ಯಾಸದ ರಚನೆಗೆ, ಕೀಲಿಮಣೆಯ ತಂತ್ರಾಂಶಕ್ಕೆ ದೀರ್ಘ ಏಕಾಗ್ರತೆ ಬೇಕು. ಅಂಥ ಕೆಲಸವನ್ನು ಸರಕಾರ, ವಿಶ್ವವಿದ್ಯಾನಿಲಯಗಳು ಸಂಬಳ ಕೊಟ್ಟು ಮಾಡಿಸಬೇಕೇ ಹೊರತು ಒಬ್ಬರ ನಿದ್ದೆಯಿಂದ ಕಡ ತರಬಾರದು.

ಕನ್ನಡ ವಿಭಾಗಗಳು ತಮ್ಮ ಪಾಲಿಗೆ ಮಾಡಬಹುದಾದದ್ದು ಬಹಳವಿದೆ. ಮೊದಲನೆಯದಾಗಿ, ವಿದ್ಯಾರ್ಥಿಗಳಿಗೆ ವಹಿಸುವ ವಿಕಿ ಬರವಣಿಗೆ, ಕರಡು ತಿದ್ದುವಿಕೆ ತರಗತಿಯ ವೇಳೆಯಲ್ಲಿಯೇ ನಡೆಯಲಿ. ಸಂಜೆ ಮನೆಗೆ ಹೋಗಿ ಹಿಟ್ಟು ಕಲಸಬೇಕಾದ ವಿದ್ಯಾರ್ಥಿನಿಗೂ ರಾತ್ರಿ ಬಿಡುವಿರುವ ವಿದ್ಯಾರ್ಥಿಗೂ ಆಗ ಮಾತ್ರ ಸಮಾನ ಅವಕಾಶ. ಎರಡನೆಯದಾಗಿ, ಪ್ರತಿಯೊಂದು ಕೆಲಸವನ್ನೂ ಇಬ್ಬರು ತಿಳಿದಿರಲಿ, ಮಾಡುವ ಕ್ರಮವನ್ನು ಬರೆದಿಡಲಿ. ಮಗು ಹುಟ್ಟಿದಾಗ, ತಂದೆ ಹಾಸಿಗೆ ಹಿಡಿದಾಗ, ಕೆಲಸವನ್ನು ಇನ್ನೊಬ್ಬರಿಗೊಪ್ಪಿಸಿ ಹಿಂದೆ ಸರಿಯುವುದು ದ್ರೋಹವೆನಿಸಬಾರದು. ಮೂರನೆಯದಾಗಿ, ಪಡೆದದ್ದಕ್ಕೆ ಮುಯ್ಯಿ ಬರೆಯುವ ಅಭ್ಯಾಸವಾಗಲಿ. ಈ ವಿಭಾಗದಲ್ಲಿ ಪ್ರಬಂಧಗಳನ್ನು ಬೆರಳಚ್ಚು ಮಾಡುವವರೆಲ್ಲ ಯಾರದೋ ಸಂಜೆಯನ್ನು ಬಳಸಿಕೊಂಡವರೇ. ತಿಂಗಳಿಗೆ ಒಂದು ಪುಟವನ್ನು ತಿದ್ದಿ ಹಸಿರಾಗಿಸುವುದು, ಕಂಡ ದೋಷವನ್ನು ಬೈಯದೆ ವಿವರವಾಗಿ ತಿಳಿಸುವುದು, ನೆರೆಯ ಒಬ್ಬ ಹಿರಿಯರಿಗೆ ಮೊಬೈಲಿನಲ್ಲಿ ಕನ್ನಡ ಬರೆಯಲು ಕಲಿಸುವುದು ಆ ಋಣದ ಕಂತುಗಳು.

ಬಾಗಲೂರಿನ ಮುಯ್ಯಿ ಪುಸ್ತಕದಲ್ಲಿ ಐವತ್ತು ರೂಪಾಯಿ ಕೊಟ್ಟವರ ಹೆಸರೂ ಇರುತ್ತದೆ, ಐದು ಸಾವಿರ ಕೊಟ್ಟವರ ಹೆಸರೂ ಇರುತ್ತದೆ. ಯಾರೊಬ್ಬರೂ ಮದುವೆಯ ಖರ್ಚನ್ನೆಲ್ಲ ಹೊರುವುದಿಲ್ಲ. ಬರಿಗೈಯಲ್ಲಿ ಉಂಡು ಎದ್ದು ಹೋಗಲು ಎಲ್ಲರಿಗೂ ಸಂಕೋಚವಿದೆ. ಕನ್ನಡದ ತಂತ್ರಾಂಶವನ್ನು ಬಳಸುವವರಲ್ಲಿ ಆ ಸಂಕೋಚ ಹುಟ್ಟಿದರೆ, ಅದನ್ನು ಕಟ್ಟುವವರು ರಾತ್ರಿ ಒಂಬತ್ತಕ್ಕೆ ಮನೆಯವರೊಡನೆ ಕುಳಿತು ಊಟ ಮಾಡಬಹುದು.