ನಾಗರಕಲ್ಲಿನ ಆಚೆಗೊಂದು ಬಾಗಿಲು

ಪೋಷಕರೇ, ನಿಮ್ಮಲ್ಲಿ ಅನೇಕರು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬಂದವರೇ. ಅಲ್ಲೇ ಇರುವ ವೀರಸೌಧಕ್ಕೆ ಮಕ್ಕಳನ್ನು ಕರೆದೊಯ್ದಿರಾ?

ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜಕ್ಕೆ ನಿಷೇಧವಿದ್ದ ಕಾಲ. 1938ರ ಏಪ್ರಿಲ್ 25ರಂದು ಅದನ್ನು ಮೀರಿ ಅಲ್ಲಿ ಸೇರಿದ್ದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕವೇ ಬೇರೆ, ಊರವರ ಲೆಕ್ಕವೇ ಬೇರೆ. ಮುಂದಿನ ತಿಂಗಳು ಸರ್ದಾರ್ ಪಟೇಲರು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದ ಮೇಲೆ, ಸಂಸ್ಥಾನದ ಧ್ವಜದ ಜೊತೆ ಅದನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು.

ನಾನು ತಮಿಳಿನಲ್ಲೂ ಕನ್ನಡದಲ್ಲೂ ಓದಿದವನು. ಎರಡರಲ್ಲೂ ಜಲಿಯನ್‌ವಾಲಾ ಬಾಗ್ ಕಲಿತೆ. ಇದು ತಿಳಿದದ್ದು ಮೇಷ್ಟ್ರಾದ ಮೇಲೆ, ಮಕ್ಕಳ ಜೊತೆ ಪ್ರವಾಸ ಹೋದಾಗ, ನಾಚಿಕೆಯ ಮಾತೇ. ಅಂದು ಕುಂದುರ್ಪಿ ಕಡೆಯ ನಮ್ಮ ಹುಡುಗನೊಬ್ಬ ಅಲ್ಲಿನ ಕನ್ನಡ ಬರಹ ಓದಿ, ದೇವರಿಗೆ ಬಂದಿದ್ದ ಅಜ್ಜಿಯೊಬ್ಬರಿಗೆ ತೆಲುಗಿನಲ್ಲಿ ಬಿಡಿಸಿ ಹೇಳಿದ. ಆಕೆ ಚಪ್ಪಲಿ ಬಿಟ್ಟು ಕೈಮುಗಿದರು.

ಆಂಧ್ರದಲ್ಲಿದ್ದು ಕನ್ನಡ ಓದಿ ಏನು ಪ್ರಯೋಜನ ಎಂದು ಅವನ ತಂದೆ ಟೀಸಿ ಕೇಳಿದ್ದರು. ಮರುದಿನ ಅವರಿಗೆ ಇದನ್ನು ಹೇಳಿದೆ. ಟೀಸಿ ಪಡೆದೇ ಹೋದರು. ಕಿರಿಯವನನ್ನು ಮಾತ್ರ ನಮ್ಮಲ್ಲೇ ಬಿಟ್ಟರು.

ಹಿಂದೂಪುರದಿಂದ ವಿದುರಾಶ್ವತ್ಥ ದೂರವಿಲ್ಲ, ಗೌರಿಬಿದನೂರಿನ ದಾರಿ. ಈ ರಜೆಯಲ್ಲಿ ಹೋಗಿ. ಓದುವ ಕೆಲಸ ಮಗುವಿಗೇ ಬಿಡಿ.