ಹ್ಯಾರಿ ಅಜ್ಜನ ಪೂರ್ತಿ ಬದುಕನ್ನು ಹೇಳಿ

ಸತ್ತ ಸಿಪಾಯಿಯನ್ನು ಹೊಗಳುವುದು ಆಳುವವರಿಗೆ ಬಲು ಸುಲಭದ ಕೆಲಸ. ಸತ್ತವನು ಎದ್ದು ಬಂದು ಲೆಕ್ಕ ಕೇಳುವುದಿಲ್ಲ. ತೊಂದರೆಯೆಲ್ಲ ಬದುಕಿ ಉಳಿದ ಮುದಿ ಸಿಪಾಯಿಯದು. ಎದೆಗೆ ಪದಕ ಚುಚ್ಚಿ ವೇದಿಕೆಯ ಮೇಲೆ ಕೂರಿಸಿದರೂ, ಮಾತಾಡಲು ಅವಕಾಶ ಸಿಕ್ಕಾಗ ಆತ ಏನು ಹೇಳಿಬಿಡುತ್ತಾನೋ ಎಂಬ ಅಳುಕು ಇದ್ದೇ ಇರುತ್ತದೆ. ಇಂಗ್ಲೆಂಡಿನ ಹ್ಯಾರಿ ಲೆಸ್ಲಿ ಸ್ಮಿತ್ ಅಂಥ ಒಬ್ಬ ಹಿರಿಯರು. 1923ರಲ್ಲಿ ಹುಟ್ಟಿ 2018ರ ನವೆಂಬರ್ 28ರಂದು ತೀರಿಕೊಂಡರು. ಈ 95 ವರ್ಷಗಳಲ್ಲಿ ವಿಮಾನದಳದ ಸಮವಸ್ತ್ರ ತೊಟ್ಟದ್ದು ಹತ್ತು ವರ್ಷಕ್ಕೂ ಕಡಿಮೆ. ಉಳಿದದ್ದನ್ನೆಲ್ಲ ಒರೆಸಿಹಾಕಿ, 'ಯುದ್ಧ ಕಂಡ ಅಜ್ಜ' ಎಂಬ ಮೂರು ಮಾತಿನಲ್ಲಿ ಇಂಥವರನ್ನು ಮುಗಿಸಿಬಿಡುವ ಸಂಪ್ರದಾಯವೊಂದಿದೆಯಲ್ಲ, ಅದರ ಮೇಲೆಯೇ ನಮ್ಮ ತಕರಾರು.

ಹ್ಯಾರಿ ಹುಟ್ಟಿದ್ದು ಯಾರ್ಕ್‌ಷೈರಿನ ಬಾರ್ನ್ಸ್‌ಲಿಯಲ್ಲಿ. ಕಲ್ಲಿದ್ದಲಿನ ಊರು, ತಂದೆ ಗಣಿ ಕಾರ್ಮಿಕ. 1926ರಲ್ಲಿ ಗಣಿ ಧಣಿಗಳು ಕೂಲಿ ಇಳಿಸಿ ದುಡಿಮೆಯ ಹೊತ್ತು ಹೆಚ್ಚಿಸಲು ಹೊರಟರು. ಒಪ್ಪದ ಕಾರ್ಮಿಕರಿಗೆ ಗಣಿಯ ಬಾಗಿಲು ಹಾಕಿದರು. ಅವರ ಬೆಂಬಲಕ್ಕೆ ಮೇ ತಿಂಗಳಲ್ಲಿ ನಾಡಿಗೆ ನಾಡೇ ಒಂಬತ್ತು ದಿನ ಮುಷ್ಕರ ಹೂಡಿತು. ಆಮೇಲೆ ಉಳಿದವರು ಕೆಲಸಕ್ಕೆ ಮರಳಿದರೂ ಗಣಿಯವರು ಮಾತ್ರ ಹಸಿದುಕೊಂಡು ಚಳಿಗಾಲದ ಹೊಸ್ತಿಲವರೆಗೆ ಹೋರಾಡಿದರು. ಅದೇ ವರ್ಷ ಹ್ಯಾರಿಯ ಅಕ್ಕ ಮರಿಯನ್ ಕ್ಷಯರೋಗದಿಂದ ಸತ್ತಳು. ಹತ್ತು ವರ್ಷದ ಹುಡುಗಿ. ವೈದ್ಯರಿಗೆ ಕೊಡಲು ಮನೆಯಲ್ಲಿ ಕಾಸಿರಲಿಲ್ಲ. 'ವರ್ಕ್‌ಹೌಸ್' ಎಂದು ಕರೆಯುತ್ತಿದ್ದ, ದಿಕ್ಕಿಲ್ಲದವರನ್ನು ಕೂಡಿಹಾಕುವ ದೊಡ್ಡಿಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ಹೂಳಿದ್ದು ನಿರ್ಗತಿಕರ ಗುಂಡಿಯಲ್ಲಿ, ಮೇಲೊಂದು ಗುರುತಿನ ಕಲ್ಲೂ ಇಲ್ಲ. ಸೂರ್ಯ ಮುಳುಗದ ಸಾಮ್ರಾಜ್ಯ ಎಂದು ಬೀಗುತ್ತಿದ್ದ ದೇಶದ ನಟ್ಟನಡುವೆ ನಡೆದ ಮಾತಿದು. ನಮ್ಮನ್ನು ಆಳಿದ ಆ ದೇಶದ ದೊರೆಗಳು ತಮ್ಮದೇ ಬಡಮಕ್ಕಳನ್ನು ಕಂಡದ್ದು ಹೀಗೆ.

ಆಮೇಲೆ ಕುಟುಂಬ ಉಣ್ಣೆ ಗಿರಣಿಗಳ ಊರಾದ ಬ್ರಾಡ್‌ಫರ್ಡ್ ಸೇರಿತು. ತಂದೆಗೆ ಕೆಲಸವಿಲ್ಲ. ಏಳು ವರ್ಷದ ಹ್ಯಾರಿ ಬೀರು ಸೀಸೆಗಳ ಕೈಗಾಡಿ ತಳ್ಳಿ ಮನೆಗೆ ನಾಲ್ಕು ಕಾಸು ತಂದ. ಬಾಲ್ಯವೆಂದರೆ ಅದೇ. ಮುಂದೆ 1941ರಲ್ಲಿ ವಿಮಾನದಳ ಸೇರಿ ನಿಸ್ತಂತು ಯಂತ್ರದ ಮುಂದೆ ಕುಳಿತರು. ತಾವು ಶೂರರೆಂದು ಅವರೆಂದೂ ಕೊಚ್ಚಿಕೊಳ್ಳಲಿಲ್ಲ. ಬದುಕಿ ಬಂದದ್ದು ಅದೃಷ್ಟ ಎನ್ನುತ್ತಿದ್ದರು. ಯುದ್ಧ ಮುಗಿದಾಗ ಅವರಿದ್ದದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. 1943ರ ಜುಲೈ ಬಾಂಬು ದಾಳಿಗಳಲ್ಲಿ 30,000ಕ್ಕೂ ಹೆಚ್ಚು ನಾಗರಿಕರು ಬೆಂದುಹೋದ ಊರು ಅದು. ಆ ಬೂದಿಯ ನಡುವೆ, ಹಸಿದ ಶತ್ರುಗಳ ನಡುವೆ, ಫ್ರೀಡ ಎಂಬ ಜರ್ಮನ್ ಹುಡುಗಿಯನ್ನು ಪ್ರೀತಿಸಿ 1947ರಲ್ಲಿ ಮದುವೆಯಾದರು. ಗೆದ್ದ ಸೈನ್ಯದವರು ಸೋತವರ ಮಕ್ಕಳನ್ನು ಮದುವೆಯಾಗಲು ಮೇಲಿನವರ ಅಪ್ಪಣೆ ಬೇಕಿದ್ದ ಕಾಲ. ಫ್ರೀಡ 1999ರಲ್ಲಿ ತೀರಿಕೊಳ್ಳುವ ತನಕ ಇಬ್ಬರೂ ಜೊತೆಗೇ ಬಾಳಿದರು. ಶತ್ರುದ್ವೇಷವನ್ನೇ ದೇಶಭಕ್ತಿ ಎಂದು ಮಾರುವ ವ್ಯಾಪಾರಿಗಳು ಈ ಸಂಗತಿಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೋ!

ಪದಕಕ್ಕಿಂತ ದೊಡ್ಡದೊಂದನ್ನು ಈ ಸಿಪಾಯಿ ಗಳಿಸಿದ್ದು 1945ರ ಚುನಾವಣೆಯಲ್ಲಿ. ಹ್ಯಾಂಬರ್ಗಿನಿಂದಲೇ ಲೇಬರ್ ಪಕ್ಷಕ್ಕೆ ಮತ ಹಾಕಿದರು. ಯುದ್ಧ ಗೆಲ್ಲಿಸಿದ ಚರ್ಚಿಲ್‌ರನ್ನೇ ಜನ ಅಧಿಕಾರದಿಂದ ಇಳಿಸಿದರು! ಕೃತಘ್ನತೆ ಎಂದು ಶ್ರೀಮಂತರು ಗೊಣಗಿದರೆ ಗೊಣಗಲಿ. ಮತ ಹಾಕಿದವರಲ್ಲಿ ಒಬ್ಬೊಬ್ಬರ ಮನೆಯಲ್ಲೂ ಒಬ್ಬೊಬ್ಬ ಮರಿಯನ್ ಸತ್ತಿದ್ದಳು. ಹಿಂದೆ ಗಣಿಯಲ್ಲಿ ದುಡಿದಿದ್ದ ಅನ್ಯೂರಿನ್ ಬೆವಾನ್ ಆರೋಗ್ಯ ಸಚಿವರಾದರು. 1948ರ ಜುಲೈ 5ರಿಂದ ಇಡೀ ನಾಡಿಗೆ ಸರ್ಕಾರಿ ಆರೋಗ್ಯ ಸೇವೆ ಜಾರಿಗೆ ಬಂತು: ವೈದ್ಯರ ಬಾಗಿಲಲ್ಲಿ ರೋಗಿ ಕಾಸು ಬಿಚ್ಚಬೇಕಿಲ್ಲ. ಅದೇ 1948ರಲ್ಲಿ ನಮ್ಮಲ್ಲೂ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂತೆಂಬುದನ್ನು ಗಿರಣಿಯ ಬಂಧುಗಳು ಬಲ್ಲರು. ಅಲ್ಲಿ ಎಲ್ಲರಿಗೂ, ಇಲ್ಲಿ ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಗಿರಣಿಯ ಎದುರು ಬೀಡಿ, ಬೆಲ್ಲ ಮಾರುವ ಅಂಗಡಿಯವನು ಆ ಪಟ್ಟಿಯಲ್ಲಿಲ್ಲ.

ನವೆಂಬರ್ ಬಂದರೆ ಇಂಗ್ಲೆಂಡಿನಲ್ಲಿ ಕೋಟಿಗೆ ಕೆಂಪು ಗಸಗಸೆ ಹೂ ಸಿಕ್ಕಿಸಿಕೊಂಡು ಯುದ್ಧದಲ್ಲಿ ಮಡಿದವರನ್ನು ನೆನೆಯುವುದು ವಾಡಿಕೆ. 2013ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಹ್ಯಾರಿ ಅಜ್ಜ ಪತ್ರಿಕೆಯಲ್ಲಿ ಬರೆದರು: ತಾವು ಈ ಹೂ ಮುಡಿಯುವುದು ಇದೇ ಕಡೆಯ ಸಲ; ಸತ್ತ ಗೆಳೆಯರನ್ನು ಇನ್ನು ತಮ್ಮಷ್ಟಕ್ಕೆ ನೆನೆಯುತ್ತೇವೆ. ಸತ್ತವರ ಹೆಸರನ್ನು ಹೊಸ ಯುದ್ಧಗಳ ಸಮರ್ಥನೆಗೆ ಬಳಸುವುದು ಅವರಿಗೆ ಸಹ್ಯವಾಗಲಿಲ್ಲ. ಮರುವರ್ಷ, 2014ರ ಸೆಪ್ಟೆಂಬರಿನಲ್ಲಿ, ಮ್ಯಾಂಚೆಸ್ಟರಿನ ಲೇಬರ್ ಸಮ್ಮೇಳನದಲ್ಲಿ ನಿಂತು ಅಕ್ಕನ ಸಾವನ್ನು ಹೇಳಿದರು. ನೋವಿನ ಮದ್ದಿಗೆ ಗತಿಯಿಲ್ಲದೆ ಕ್ಯಾನ್ಸರಿನಲ್ಲಿ ಚೀರುತ್ತ ಸತ್ತ ಹೆಂಗಸನ್ನು ಹೇಳಿದರು. ಸಭೆಯಲ್ಲಿ ಜನ ಕಣ್ಣೊರೆಸಿಕೊಂಡರು. ಪ್ರಧಾನಿ ಕ್ಯಾಮರನ್‌ಗೆ, ನಮ್ಮ ಆರೋಗ್ಯ ಸೇವೆಯ ಮೇಲಿಂದ ಕೈ ತೆಗೆಯಿರಿ ಎಂದು ನೇರವಾಗಿ ಹೇಳಿದರು. ಅದಕ್ಕೆ ಎರಡೇ ವರ್ಷ ಹಿಂದೆ, 2012ರ ಕಾಯಿದೆಯಿಂದ, ಖಾಸಗಿಯವರ ಪೈಪೋಟಿಗೆ ಆ ಸೇವೆಯ ಬಾಗಿಲನ್ನು ಇನ್ನಷ್ಟು ತೆರೆದಾಗಿತ್ತು.

ಈಗ ಕೇಳುತ್ತೇವೆ. ಪದಕದ ಸಿಪಾಯಿ ಬೇಕು, ಆದರೆ ಅಕ್ಕನನ್ನು ಕಳೆದುಕೊಂಡ ತಮ್ಮ ಬೇಡ. ಇದು ಯಾವ ಸೀಮೆಯ ಗೌರವ? ಸಮವಸ್ತ್ರದ ಕೆಲವು ವರ್ಷಗಳನ್ನಷ್ಟೇ ಕತ್ತರಿಸಿ ಚೌಕಟ್ಟು ಹಾಕುವುದು ಮರೆವಿನಿಂದಲ್ಲ, ಲೆಕ್ಕಾಚಾರದಿಂದ. ಮಿಕ್ಕ ವರ್ಷಗಳನ್ನು ಹೇಳಹೊರಟರೆ ಆ ಹುಡುಗಿಯ ಗುಂಡಿಯನ್ನು ತೋಡಿದವರು ಯಾರು ಎಂದು ಹೇಳಬೇಕಾಗುತ್ತದೆ.

ಅವರು 1953ರಲ್ಲಿ ಕೆನಡಾಕ್ಕೆ ಹೋಗಿ ರತ್ನಗಂಬಳಿ ವ್ಯಾಪಾರದಲ್ಲಿ ಸುಖವಾಗಿದ್ದವರಲ್ಲವೇ, ಇಂಗ್ಲೆಂಡಿಗೆ ಬುದ್ಧಿ ಹೇಳಲು ಅವರಾರು ಎಂದು ಯಾರಾದರೂ ಕೇಳಬಹುದು. ಸುಖವಾಗಿದ್ದರು, ನಿಜ. ಹೊಟ್ಟೆ ತುಂಬಿದ ಮೇಲೆ ಹಸಿದ ದಿನ ಮರೆಯುವುದು ಲೋಕರೂಢಿ, ಅವರು ಮರೆಯಲಿಲ್ಲ. 2009ರಲ್ಲಿ ಮಗನೊಬ್ಬ ತೀರಿಕೊಂಡ ದುಃಖವನ್ನೂ ನುಂಗಿಕೊಂಡು, ಆರಾಮಕುರ್ಚಿಯಲ್ಲಿ ಕೂರಬೇಕಾದ ವಯಸ್ಸಿನಲ್ಲಿ ಲೇಖನಿ ಹಿಡಿದರು. ಪುಸ್ತಕಗಳನ್ನು ಬರೆದರು. ತೊಂಬತ್ತು ದಾಟಿದ ಮೇಲೆ ಊರುಗೋಲು ಹಿಡಿದು ನಿರಾಶ್ರಿತರ ಶಿಬಿರಗಳಿಗೆ ಹೋಗಿ ಬಂದರು. ಯುದ್ಧಾನಂತರದ ಯೂರೋಪಿನಲ್ಲಿ ಮನೆ ಕಳೆದುಕೊಂಡು ಅಲೆದವರನ್ನು ಅವರು ಹಿಂದೆಯೇ ಕಂಡಿದ್ದರು.

ಕಡೆಯ ದಿನಗಳಲ್ಲಿ ಕೆನಡಾದ ಆಸ್ಪತ್ರೆಯಲ್ಲಿ ಅವರು ಮಲಗಿದ್ದಾಗ, ಹಾಸಿಗೆಯ ಬಳಿ ಕುಳಿತ ಇನ್ನೊಬ್ಬ ಮಗ ಗಳಿಗೆಗಳಿಗೆಗೂ ಸುದ್ದಿ ಬರೆದು ತಿಳಿಸುತ್ತಿದ್ದ. ಅವರ ಮುಖವನ್ನೇ ಕಾಣದ ಸಾವಿರಾರು ಜನ ಸ್ವಂತ ಅಜ್ಜನ ಹಾಸಿಗೆ ಕಾಯುವವರಂತೆ ಅದನ್ನು ಓದುತ್ತ ಎಚ್ಚರವಿದ್ದರು. ಮೊದಲ ಮಹಾಯುದ್ಧ ಮುಗಿದ ನೂರನೇ ವರ್ಷವನ್ನು ಲಂಡನ್ನಿನಲ್ಲಿ ದೊರೆಮನೆತನದವರೂ ಮಂತ್ರಿಗಳೂ ಹೂಮಾಲೆಗಳೊಡನೆ ಆಚರಿಸಿ ಆಗ ಮೂರು ವಾರವೂ ಕಳೆದಿರಲಿಲ್ಲ.